ಕೊಟ್ಟಿಗೆ ಕೆಡವಿ ನೋಡು

ಮಳೆಗಾಲಕ್ಕೆ ಎರಡು ವಾರ ಇರುವಾಗ ಮಂಗಳೂರಿನಲ್ಲಿ ತಪ್ಪದೆ ಕಾಣಿಸುವುದು ಎರಡು. ಒಂದು, ಅಂಗಳದ ಚಾಪೆಯಲ್ಲಿ ಹಲಸಿನ ಹಪ್ಪಳ. ಇನ್ನೊಂದು, ರಸ್ತೆ ಬದಿ ಕಟ್ಟಡದ ಅವಶೇಷ ಸುರಿದರೆ ಕಠಿಣ ಕ್ರಮ ಎಂಬ ಸುದ್ದಿ. ಈ ಸಲವೂ ಬಂತು. ನೀವೂ ಓದಿರುತ್ತೀರಿ. ಜೊತೆಗೆ ಫೋಟೊ ಇತ್ತು. ಕಲ್ಲು ಮಣ್ಣಿನ ರಾಶಿ, ಅದರ ನಡುವೆ ಒಂದು ಬೋರ್ಡು. ಬೋರ್ಡಿನ ಅರ್ಧ ರಾಶಿಯಲ್ಲಿ ಹೂತು ಮೇಲಿನ ಸಾಲು ಮಾತ್ರ ಉಳಿದಿತ್ತು: 'ಇಲ್ಲಿ ಕಸ'. ಓದಿದವನು ಇನ್ನೇನು ಮಾಡಬೇಕು ಹೇಳಿ?

ಬೇರೆ ವರ್ಷ ಆಗಿದ್ದರೆ ನಕ್ಕು ಪುಟ ಮಗುಚುತ್ತಿದ್ದೆ. ಈ ವರ್ಷ ಹೊಟ್ಟೆಯಲ್ಲಿ ಸಣ್ಣಗೆ ಚುಳ್ಳೆಂದಿತು. ಯಾಕೆಂದರೆ ಅದೇ ವಾರ ನಾನು ಹಿತ್ತಲಿನ ಕೊಟ್ಟಿಗೆ ಕೆಡವಲು ಹೊರಟಿದ್ದೆ.

ಕೊಟ್ಟಿಗೆ ಅಂದರೆ ದೊಡ್ಡದೇನಲ್ಲ. ಹತ್ತಡಿ ಹನ್ನೆರಡಡಿ. ಮೂರು ಬದಿ ಕೆಂಪು ಕಲ್ಲಿನ ಗೋಡೆ, ಮಾಡಿಗೆ ಅರ್ಧ ಹಂಚು, ಅರ್ಧ ಸಿಮೆಂಟ್ ಶೀಟು. ಒಂದು ಕಾಲದಲ್ಲಿ ಎರಡು ದನ ಇದ್ದವು. ಅವು ಹೋದ ಮೇಲೆ ಕಟ್ಟಿಗೆ ಬಂತು. ಗ್ಯಾಸ್ ಬಂದ ಮೇಲೆ ಕಟ್ಟಿಗೆಯೂ ಹೋಯಿತು. ಆಮೇಲೆ ಬಂದದ್ದು ಯಾವುದೂ ವಾಪಸ್ ಹೋಗಲಿಲ್ಲ. ಬಾವಿಯ ರಾಟೆ, ದೂರದರ್ಶನದ ಆಂಟೆನಾ, ಮೂರು ಚಕ್ರದ ಸೈಕಲ್ಲು (ಚಕ್ರ ಎರಡೇ), ಅಜ್ಜನ ಮುಟ್ಟಾಳೆ (ಅಡಿಕೆ ಹಾಳೆಯ ಟೊಪ್ಪಿ), ಕಡೆಯುವ ಕಲ್ಲು, ಒಡೆದ ಹಂಡೆ. 'ಇದನ್ನು ಎಲ್ಲಿ ಇಡುವುದು?' ಎಂಬ ಪ್ರಶ್ನೆ ಮನೆಯಲ್ಲಿ ಎದ್ದಾಗಲೆಲ್ಲ 'ಸದ್ಯ ಕೊಟ್ಟಿಗೆಯಲ್ಲಿ ಇರಲಿ' ಎಂಬುದೇ ಉತ್ತರ. ಆ ಸದ್ಯ ಇಪ್ಪತ್ತು ವರ್ಷ ನಡೆಯಿತು.

ಕಳೆದ ಮಳೆಗೆ ತೆಂಗಿನಕಾಯಿ ಬಿದ್ದು ಶೀಟು ಒಡೆಯಿತು. ಮಾಡಿನ ಮರದ ಪಕ್ಕಾಸಿಗೆ ಗೆದ್ದಲು ಹಿಡಿಯಿತು. ಕೇರೆ ಹಾವೊಂದು ಒಕ್ಕಲು ಬಂತು. ಬಾಡಿಗೆ ಕೇಳುವ ಧೈರ್ಯ ನಮಗೆ ಇರಲಿಲ್ಲ.

ಮೇಸ್ತ್ರಿ ಬಂದು ಸುತ್ತ ಒಂದು ರೌಂಡ್ ಹಾಕಿದರು. 'ಒಂದೂವರೆ ದಿನ ಸಾರ್' ಎಂದರು. ಒಳ್ಳೆಯ ದಿನ ನೋಡಬೇಕು ಎಂದು ಅಮ್ಮ ಒಳಗಿನಿಂದ ಹೇಳಿದರು. ಕಟ್ಟುವಾಗ ಮುಹೂರ್ತ ಸರಿ, ಕೆಡವುವುದಕ್ಕೂ ಬೇಕಾ? 'ಪಂಚಾಂಗ ನೋಡದೆ ಮುಟ್ಟಬಾರದು' ಎಂದರು. ಮೇಸ್ತ್ರಿ ಕೂಡಲೇ ಪಿಕ್ಕಾಸು ತಂದು ಗೋಡೆಯ ಬುಡ ಅಗೆದರು. ನಮ್ಮ ಕಡೆ ಅಡಿಪಾಯಕ್ಕೂ ಪಂಚಾಂಗ ಎಂದೇ ಹೇಳುವುದು ನೋಡಿ. 'ಪಂಚಾಂಗ ಗಟ್ಟಿ ಉಂಟು ಅಮ್ಮಾ, ಎರಡು ದಿನ ಬೇಕಾದೀತು' ಎಂದರು. ಅಮ್ಮ ಕೇಳಿದ್ದು ಯಾವ ಪಂಚಾಂಗ, ಅವರು ನೋಡಿದ್ದು ಯಾವ ಪಂಚಾಂಗ ಎಂದು ನಾನು ಬಿಡಿಸಿ ಹೇಳಲು ಹೋಗಲಿಲ್ಲ. ಕೆಲಸ ಶುರುವಾಯಿತು.

ಮೊದಲು ಹಂಚು ಇಳಿಯಿತು. ಕೆಳಗಿನಿಂದ ನೋಡಿದರೆ ಪ್ರತಿ ಹಂಚಿನ ಹೊಟ್ಟೆಯಲ್ಲೂ ಕಾರ್ಖಾನೆಯ ಹೆಸರಿನ ಅಚ್ಚು. ಬಾಸೆಲ್ ಮಿಶನ್‌ನ ಪಾದ್ರಿಗಳು 1865ರಲ್ಲಿ ಜೆಪ್ಪುವಿನಲ್ಲಿ ಹಂಚಿನ ಕಾರ್ಖಾನೆ ತೆರೆದ ಮೇಲೆ ನಮ್ಮೂರಿನ ಹೊಳೆ ಬದಿಯ ಆವೆಮಣ್ಣು ಹಡಗು ಹತ್ತಿ ಊರೂರಿಗೆ ಹೋಯಿತು. 'ಮಂಗಳೂರು ಹಂಚು' ಎಂಬ ಹೆಸರು ಹೊರಗೆ ಊರಿಗಿಂತ ಜಾಸ್ತಿ ಪ್ರಸಿದ್ಧಿ. ಊರಿನಲ್ಲಿ ಮಾತ್ರ ಅದಕ್ಕೆ ಬೆಲೆ ಇಲ್ಲ. ಗುಜರಿಯವನು ಬಂದು ಒಂದೊಂದನ್ನೂ ಬೆರಳಲ್ಲಿ ಕುಟ್ಟಿ, ಮುಖ ಹುಳಿ ಮಾಡಿ, ಹಂಚಿಗೆ ಎಂಟು ರೂಪಾಯಿ ಎಂದ. 'ಈಗ ಯಾರಿಗೂ ಬೇಡ ಮಾರಾಯ್ರೆ, ಎಲ್ಲ ಟೆರೇಸು' ಎಂದು ನಮ್ಮ ಮೇಲೆ ದೊಡ್ಡ ಉಪಕಾರ ಮಾಡುವ ಹಾಗೆ ಹೇರಿಕೊಂಡು ಹೋದ. ಕಡೆಯುವ ಕಲ್ಲನ್ನೂ ಒಯ್ದ. ಅದಕ್ಕೆ ದುಡ್ಡು ಕೊಡಲಿಲ್ಲ, ಭಾರ ಇಳಿಸಿಕೊಟ್ಟದ್ದಕ್ಕೆ ನಮ್ಮಿಂದ ಚಾ ಕುಡಿದ.

ಮುಂದಿನ ತಿಂಗಳು ಸಂಬಂಧಿಕರ ಜೊತೆ ಕಡಲ ಬದಿಯ ಒಂದು ರೆಸಾರ್ಟಿಗೆ ಹೋಗಿದ್ದೆ. 'ಪರಂಪರೆಯ ಅನುಭವ'ವಂತೆ. ಮಾಡಿಗೆ ಹಳೆ ಹಂಚು. ಬೆಳಕಿಗೆ ಬಾವಿಯ ರಾಟೆಗೆ ಕಟ್ಟಿ ಇಳಿಬಿಟ್ಟ ಬಲ್ಬು. ಕೈ ತೊಳೆಯಲು ಹೋದರೆ ಬೇಸಿನ್ ಜಾಗದಲ್ಲಿ ಕಡೆಯುವ ಕಲ್ಲು, ಅದರ ಗುಳಿಗೆ ತೂತು ಕೊರೆದು ಪೈಪು. ಅಜ್ಜಿ ನಲವತ್ತು ವರ್ಷ ಅರೆದ ಕಲ್ಲಿನಲ್ಲಿ ಬೆಂಗಳೂರಿನಿಂದ ಬಂದ ಒಬ್ಬರು ಬಾಯಿ ಮುಕ್ಕಳಿಸುತ್ತಿದ್ದರು. ಗೋಡೆಯ ಮೇಲೆ ಮುಟ್ಟಾಳೆ ಕೂಡ ನೇತಾಡುತ್ತಿತ್ತು. ನಮ್ಮದೇ ಎಂದು ಹೇಳಲಾರೆ, ಮುಟ್ಟಾಳೆಗೆ ಅಚ್ಚು ಇರುವುದಿಲ್ಲ. ಬಿಲ್ಲು ನೋಡಿದ ಮೇಲೆ ನನಗೆ ಗೊತ್ತಾದದ್ದು ಇಷ್ಟು: ನಾನು ಕೆಡವಬಾರದಿತ್ತು. ಆ ಕೇರೆ ಹಾವಿಗೊಂದು ರುಮಾಲು ಕಟ್ಟಿ ಬಾಗಿಲಲ್ಲಿ ನಿಲ್ಲಿಸಿ, ರಾತ್ರಿಗೆ ಇಷ್ಟು ಎಂದು ಬಾಡಿಗೆಗೆ ಕೊಡಬೇಕಿತ್ತು.

ಇರಲಿ. ಹಂಚು ಹೋಯಿತು. ಗುಜರಿಯವನಿಗೂ ಬೇಡವಾದದ್ದು ಸಿಮೆಂಟ್ ಶೀಟು. ನಾವು ಮುಗ್ಧವಾಗಿ ಸಿಮೆಂಟ್ ಶೀಟು ಎನ್ನುತ್ತೇವೆ. ಅದರೊಳಗಿನ ನಾರಿನ ಹೆಸರು ಆಸ್‌ಬೆಸ್ಟಾಸ್. ಅದರ ಎಲ್ಲ ಬಗೆಯೂ ಕ್ಯಾನ್ಸರ್ ತರುತ್ತದೆ ಎಂದು ವಿಶ್ವ ಆರೋಗ್ಯ ಸಂಸ್ಥೆ ಹೇಳಿ ಯಾವ ಕಾಲ ಆಯಿತು. ಒಡೆದಾಗ, ಕೊಯ್ದಾಗ ಹಾರುವ ಧೂಳು ಶ್ವಾಸಕೋಶ ಸೇರಿ ಹತ್ತಾರು ವರ್ಷ ಸುಮ್ನೆ ಕೂತು ಆಮೇಲೆ ಎದ್ದು ನಿಲ್ಲುತ್ತದೆ. ಯುರೋಪ್ ಒಕ್ಕೂಟದ ದೇಶಗಳು 2005ರಿಂದಲೇ ನಿಲ್ಲಿಸಿವೆ. ಕೆಲವು ದೇಶಗಳಲ್ಲಿ ಇದನ್ನು ಇಳಿಸಲು ಬಿಳಿ ಅಂಗಿ ತೊಟ್ಟು ಚಂದ್ರನ ಮೇಲೆ ಇಳಿದವರ ಹಾಗೆ ಬರುತ್ತಾರೆ. ನಮ್ಮಲ್ಲಿ ಈಗಲೂ ಅಂಗಡಿಯಲ್ಲಿ ಹೊಸದು ಸಿಗುತ್ತದೆ. ತಲೆಗೆ ಬೈರಾಸು ಸುತ್ತಿ, ಬಾಯಲ್ಲಿ ಬೀಡಿ ಇಟ್ಟು, ಸುತ್ತಿಗೆಯಲ್ಲಿ ಎರಡು ಕೊಟ್ಟರೆ ಇಳಿಯುತ್ತದೆ.

ನಾನು ಓದಿಕೊಂಡಿದ್ದೆನಲ್ಲ, ಮೇಸ್ತ್ರಿಗೆ ಪಾಠ ಹೇಳಿದೆ. ಒಡೆಯಬಾರದು, ಬೋಲ್ಟು ಬಿಚ್ಚಿ ಇಡಿಯಾಗಿ ತೆಗೆಯಬೇಕು, ಮೊದಲು ಚೆನ್ನಾಗಿ ನೀರು ಹಾಕಿ ನೆನೆಸಬೇಕು. ಅವರು ಸಮಾಧಾನದಲ್ಲಿ ಕೇಳಿ, 'ಹಾಗಾದರೆ ಮಳೆ ಬರುವಾಗ ತೆಗೆಯುವ ಸಾರ್, ನೀರು ಹಾಕುವ ಕೆಲಸ ಉಳಿಯಿತು' ಎಂದರು. ಮೂವತ್ತು ವರ್ಷದಿಂದ ಆ ಧೂಳು ಕುಡಿಯುತ್ತಿರುವ ಮನುಷ್ಯ. ಅವರಿಗೆ ಇದನ್ನು ಮೊದಲು ಹೇಳಿದವನು ನಾನಂತೆ. ಹಾಗೆ ಅವರು ಹೇಳಿದಾಗ ನನಗೆ ನಗು ಬರಲಿಲ್ಲ. ಇಡಿಯಾಗಿ ಇಳಿದ ಶೀಟುಗಳು ಈಗಲೂ ಕಾಂಪೌಂಡಿಗೆ ಒರಗಿ ನಿಂತಿವೆ. ಪಕ್ಕದ ಮನೆಯವರು ಕೋಳಿಗೂಡಿಗೆ ಆಗುತ್ತದಾ ಎಂದು ಎರಡು ಸಲ ಕೇಳಿದ್ದಾರೆ.

ಇನ್ನು ಉಳಿದದ್ದು ಕಲ್ಲು, ಗಾರೆ, ಮಣ್ಣು. ಎರಡು ಲೋಡಿನಷ್ಟು. ಕಸದ ಗಾಡಿಯವರನ್ನು ಕೇಳಿದೆ. ಅವರು ರಾಶಿ ನೋಡಿದರು, ನನ್ನನ್ನು ನೋಡಿದರು, ಹಾರ್ನ್ ಹೊಡೆದು ಹೋದರು. ಸರಿ, ಸಂಬಂಧಪಟ್ಟ ಕಚೇರಿಗೆ ಫೋನ್ ಮಾಡಿದೆ.

'ಹಸಿ ಕಸವಾ, ಒಣ ಕಸವಾ ಸರ್?'

'ಕಲ್ಲು, ಮಣ್ಣು ಮೇಡಂ.'

'ಹಾಗೆ ಇಲ್ಲ ಸರ್. ಹಸಿ ಅಥವಾ ಒಣ.'

ರಾತ್ರಿ ಒಂದು ಮಳೆ ಬಿದ್ದಿತ್ತು. 'ಸದ್ಯ ಹಸಿ. ಮಧ್ಯಾಹ್ನ ಬಿಸಿಲು ಬಂದರೆ ಒಣ' ಎಂದೆ. ಅವರು ನಕ್ಕರು, ಪಾಪ. ಇನ್ನೊಂದು ನಂಬರ್ ಕೊಟ್ಟರು. ಆ ನಂಬರಿನವರು ಮತ್ತೊಂದು ಕೊಟ್ಟರು. ಅದಕ್ಕೆ ಮಾಡಿದರೆ ಮತ್ತೆ ಅದೇ ಮೇಡಂ. 'ಹೋ, ನೀವಾ? ಒಣಗಿತಾ?' ಎಂದರು.

ಕಾನೂನು ಇಲ್ಲ ಎಂದುಕೊಳ್ಳಬೇಡಿ. ಕಟ್ಟಡ ತ್ಯಾಜ್ಯಕ್ಕೆಂದೇ 2016ರಲ್ಲಿ ನಿಯಮ ಬಂದಿತ್ತು. ಓದಿದರೆ ಕಣ್ಣು ತುಂಬಿ ಬರುತ್ತದೆ, ಅಷ್ಟು ಚಂದ. ಕಾಂಕ್ರೀಟು ಬೇರೆ, ಮಣ್ಣು ಬೇರೆ, ಕಬ್ಬಿಣ ಬೇರೆ, ಮರ ಮತ್ತು ಪ್ಲಾಸ್ಟಿಕ್ ಬೇರೆ, ಇಟ್ಟಿಗೆ ಗಾರೆ ಬೇರೆ ಎಂದು ವಿಂಗಡಿಸಬೇಕಿತ್ತು. ತಂದು ಕೊಡಲು ಜಾಗವನ್ನು ಊರಿನ ಆಡಳಿತ ತೋರಿಸಬೇಕಿತ್ತು. ದಿನಕ್ಕೆ 20 ಟನ್ನೋ ತಿಂಗಳಿಗೆ 300 ಟನ್ನೋ ಕೆಡವುವ ದೊಡ್ಡವರು ಮೊದಲೇ ಯೋಜನೆ ಕೊಟ್ಟು ಒಪ್ಪಿಗೆ ಪಡೆಯಬೇಕಿತ್ತು. ಅದರ ಜಾಗಕ್ಕೆ 2025ರಲ್ಲಿ ಇನ್ನೂ ಚಂದದ ಹೊಸ ನಿಯಮ ಪ್ರಕಟವಾಯಿತು, 2026ರ ಏಪ್ರಿಲ್ 1ರಿಂದ ಜಾರಿ. ಅದರಲ್ಲಿ ಮರುಬಳಕೆಯ ಹೊಣೆ ಹೊರಬೇಕಾದವರು 20 ಸಾವಿರ ಚದರ ಮೀಟರಿಗೆ ಮೇಲ್ಪಟ್ಟು ಕಟ್ಟುವವರು. ನನ್ನ ಕೊಟ್ಟಿಗೆ 11 ಚದರ ಮೀಟರ್. ಅಂದರೆ ನನ್ನಂಥ ಸುಮಾರು 1,800 ಮಂದಿ ಕೊಟ್ಟಿಗೆ ಹಿಡಿದುಕೊಂಡು ಒಟ್ಟಿಗೆ ನಿಂತರೆ ಕಾನೂನಿನ ಕಣ್ಣಿಗೆ ಬಿದ್ದೇವು. ನಾನು ಕೂತು ಐದು ರಾಶಿ ಮಾಡಿದೆ, ಸುಳ್ಳಲ್ಲ. ಮಗಳು ನೋಡಿ 'ಅಪ್ಪ ಚೆನ್ನೆಮಣೆ ಆಡ್ತಿದ್ದಾರೆ' ಎಂದು ಅಮ್ಮನಿಗೆ ವರದಿ ಒಪ್ಪಿಸಿದಳು.

ಕೊನೆಗೆ ಮೇಸ್ತ್ರಿಯೇ ಪಿಕಪ್‌ನವನನ್ನು ಕರೆಸಿದರು. ಅವನು ಬಂದ ಕೂಡಲೇ ನನ್ನ ಐದು ರಾಶಿಯನ್ನು ಒಂದೇ ಮಾಡಿ ತುಂಬಿಸಿದ.

'ಎಲ್ಲಿ ಹಾಕ್ತೀರಿ?'

'ಪಾರ್ಟಿ ಉಂಟು ಸಾರ್. ಗದ್ದೆ ಫಿಲ್ಲಿಂಗ್.'

ಮಂಗಳೂರಿನಲ್ಲಿ ನಿಜವಾಗಿ ನಡೆಯುವ ಮರುಬಳಕೆ ಘಟಕ ಎಂದರೆ ಈ ಪಿಕಪ್ಪು. ತೆಗೆಯಲು ನಾನು ದುಡ್ಡು ಕೊಟ್ಟೆ, ತುಂಬಲು ಗದ್ದೆಯವನು ಕೊಡುತ್ತಾನೆ. ಪಿಕಪ್‌ನವನು ಫೋನು ಎತ್ತುತ್ತಾನೆ. ಹಸಿಯಾ ಒಣವಾ ಕೇಳುವುದಿಲ್ಲ. ರಾತ್ರಿ ಹನ್ನೊಂದಕ್ಕೂ ಸೇವೆ ಲಭ್ಯ, ಇನ್ನೂ ಹೇಳಬೇಕೆಂದರೆ ರಾತ್ರಿ ಹನ್ನೊಂದಕ್ಕೇ ಲಭ್ಯ. ಪಂಪ್‌ವೆಲ್‌ನಲ್ಲಿ ಒಂದು ಮೇಲ್ಸೇತುವೆ ಕಟ್ಟಲು ಹತ್ತು ವರ್ಷ ಹಿಡಿದ ಊರಿದು. ಇಲ್ಲಿ ಇಷ್ಟು ಚುರುಕಿನ ಮನುಷ್ಯನಿಗೆ ಸನ್ಮಾನ ಮಾಡಿ ಶಾಲು ಹೊದೆಸಬೇಕು.

ಗದ್ದೆ ತುಂಬಿದ ಮೇಲೆ ಏನಾಗುತ್ತದೆ ಎಂದು ಗೊತ್ತಿಲ್ಲದವರು ಯಾರಿದ್ದೀರಿ? ಬೈಲು, ಅಂದರೆ ತಗ್ಗಿನ ಗದ್ದೆ ಸಾಲು, ಮಳೆ ನೀರು ಕುಡಿಯುವ ಜಾಗ. ಅದರ ಬಾಯಿಗೆ ಕಲ್ಲು ತುರುಕಿದರೆ ನೀರು ಪಕ್ಕದ ತೋಡಿಗೆ, ಸಣ್ಣ ಹಳ್ಳಕ್ಕೆ, ಹೋಗುತ್ತದೆ. ತೋಡಿಗೂ ತುರುಕಿದರೆ ರಸ್ತೆಗೆ ಬರುತ್ತದೆ. 2018ರ ಮೇ 29ರಂದು ಕೊಟ್ಟಾರ ಚೌಕಿಯಲ್ಲಿ ಬಂತಲ್ಲ, ಹಾಗೆ. ಅವತ್ತು ಮಳೆಯನ್ನು ಬೈದೆವು. ಆಮೇಲೆ ಆಡಳಿತವನ್ನು ಬೈದೆವು. ನೀರು ಇಳಿಯಿತು, ಮತ್ತೆ ಪಿಕಪ್‌ನವನ ನಂಬರ್ ಹುಡುಕಿದೆವು.

2019ರ ಆಗಸ್ಟ್ ನೆನಪಿದೆಯಾ? ಪಚ್ಚನಾಡಿಯ ಕಸದ ಗುಡ್ಡ ಮಳೆಗೆ ಜರಿದು ಕೆಳಗಿನ ಮಂದಾರಕ್ಕೆ ಇಳಿಯಿತು. ಮನೆ, ತೆಂಗು, ಅಡಿಕೆ ತೋಟ ಕಸದ ಅಡಿಗೆ ಹೋದವು. ಆ ಜನ ಮಾಡಿದ ತಪ್ಪೇನು? ಊರಿಡೀ ಬಿಸಾಡಿದ್ದರ ಕೆಳಗೆ ಅವರ ಮನೆ ಇತ್ತು, ಅಷ್ಟೇ. ಗುಡ್ಡ ಜರಿದದ್ದು ನಮಗೆ ಒಂದು ವಾರದ ವೀಡಿಯೊ. ಅವರದ್ದು ಊರು ಬಿಟ್ಟ ಬದುಕು. ಇದರಲ್ಲಿ ತಮಾಷೆ ಎಲ್ಲಿದೆ ಎಂದು ನಾನು ಹುಡುಕಿದೆ. ಇಲ್ಲ ಮಾರಾಯ್ರೆ. ಸುಸ್ತಾಗುತ್ತದೆ. ಕೆಡವುವ ಲೈಸೆನ್ಸು, ಕಟ್ಟುವ ಲೈಸೆನ್ಸು ಎಲ್ಲದಕ್ಕೂ ಕೌಂಟರ್ ಇದೆ, ಎರಡು ಲೋಡು ಕಲ್ಲು ಮರ್ಯಾದೆಯಿಂದ ಇಟ್ಟು ಬರಲು ಒಂದು ಜಾಗ ತೋರಿಸಿ ಎಂದರೆ ಮುಖ ಮುಖ ನೋಡುತ್ತಾರೆ. ತೋರಿಸದೆ ದಂಡದ ಬೋರ್ಡು ಮಾತ್ರ ನೆಡುತ್ತಾರೆ. ನಾನೂ ಏನು ಸಾಚಾ ಅಲ್ಲ. ಯಾವ ಗದ್ದೆ ಎಂದು ಪಿಕಪ್‌ನವನನ್ನು ಕೇಳಬಹುದಿತ್ತು. ಕೇಳಲಿಲ್ಲ. ಕೇಳಿದರೆ ಉತ್ತರ ಹೇಳುತ್ತಾನೆ ಎಂಬ ಹೆದರಿಕೆ ಇತ್ತು.

ಹದಿನೈದು ದಿನ ಬಿಟ್ಟು ಬೈಪಾಸ್ ಬದಿಯಲ್ಲಿ ಬರುತ್ತಿದ್ದೆ. ಹೊಸ ರಾಶಿಯೊಂದು ಕಂಡಿತು. ಗದ್ದೆಯ ಪಾರ್ಟಿಗೆ ಎರಡನೇ ಲೋಡು ಜಾಸ್ತಿಯಾಗಿರಬೇಕು. ನಮ್ಮದೇ ಎಂದು ಹೇಗೆ ಗೊತ್ತಾಯಿತು ಎಂದರೆ, ಕೊಟ್ಟಿಗೆಯ ಒಳಗೋಡೆಯಲ್ಲಿ ಅಪ್ಪ ಮಸಿಯಲ್ಲಿ ತೆಂಗಿನಕಾಯಿಯ ಲೆಕ್ಕ ಬರೆಯುತ್ತಿದ್ದರು. ಪ್ರತಿ ಕೊಯ್ಲಿಗೂ ಒಂದು ಸಾಲು. ರಾಶಿಯ ಮೇಲೆ ಗಾರೆಯ ಒಂದು ತುಂಡು ಮಗುಚಿ ಬಿದ್ದಿತ್ತು. ಸುಣ್ಣದ ಮೇಲೆ ಅವರ ಅಕ್ಷರ: 'ಕಾಯಿ 312'. ಮಳೆಗೆ ಇನ್ನೂ ಅಳಿಸಿರಲಿಲ್ಲ.

ಕಾರು ನಿಲ್ಲಿಸಿದೆ. ಆಚೆ ಈಚೆ ನೋಡಿದೆ. ಕಸ ಹಾಕುವವನನ್ನು ಹಿಡಿಯಲು ಕಂಬದಲ್ಲಿ ಕ್ಯಾಮರಾ ಇತ್ತು, ತೆಗೆಯುವವನನ್ನು ಹಿಡಿದರೆ ಏನು ಹೇಳುವುದು ಎಂಬ ಯೋಚನೆಯೂ ಬಂತು. ತುಂಡನ್ನು ಎತ್ತಿ ಡಿಕ್ಕಿಯಲ್ಲಿ ಹಾಕಿ ಮನೆಗೆ ತಂದೆ.

ಹೆಂಡತಿ ಅಂಗಳದಲ್ಲೇ ನಿಂತಿದ್ದಳು. ಓದಿದಳು. ಸ್ವಲ್ಪ ಹೊತ್ತು ಸುಮ್ಮನಿದ್ದಳು.

'ಇದನ್ನು ಎಲ್ಲಿ ಇಡುವುದು?' ಎಂದಳು.