ಮೂವತ್ತು ಪ್ಲಗಿನ್ ಬೇಕಾ?
ವಿಮ್ ಎಂಬ ಟೆಕ್ಸ್ಟ್ ಎಡಿಟರಿಗೆ ಮೂವತ್ತು ಪ್ಲಗಿನ್ (ಹೆಚ್ಚುವರಿ ಸೌಲಭ್ಯದ ತುಣುಕು) ಹಾಕಿಕೊಳ್ಳಿ ಅಂತ ನಿಮ್ಮ ಬರಹದಲ್ಲಿ ಅಂದಿದ್ದೀರಿ. ಅಷ್ಟೆಲ್ಲ ಬೇಕಾ ಸರ್? ನಾನಿರುವುದು ಬದಿಯಡ್ಕದಲ್ಲಿ. ಆಟಿ ಮಳೆಗೆ ಕಂಗಿನ ಸೋಗೆ ಲೈನಿನ ಮೇಲೆ ಬಿದ್ದರೆ ಕರೆಂಟ್ ಹೋಯಿತು ಅಂತಲೇ ಲೆಕ್ಕ. ಡೆಸ್ಕ್‌ಟಾಪಿನ ಯುಪಿಎಸ್ ಬ್ಯಾಟರಿ ಸತ್ತು ವರ್ಷವಾಯಿತು. ಆಗ ಉಪಕಾರಕ್ಕೆ ಬರುವುದು ವಿಮ್‌ನ ಸ್ವಾಪ್ ಫೈಲ್, ಅಂದರೆ ಸೇವ್ ಮಾಡದ ಬರಹವನ್ನು ಉಳಿಸಿಕೊಳ್ಳುವ ತಾತ್ಕಾಲಿಕ ಫೈಲ್. 200 ಅಕ್ಷರ ಟೈಪ್ ಮಾಡಿದರೆ, ಇಲ್ಲವೇ 4 ಸೆಕೆಂಡ್ ಸುಮ್ನೆ ಕೂತರೆ, ತಾನೇ ಡಿಸ್ಕಿಗೆ ಬರೆದುಕೊಳ್ಳುತ್ತದೆ. ಜೊತೆಗೆ ವಿಮ್‌ನ ಸೆಟ್ಟಿಂಗ್ ಫೈಲಾದ ವಿಮ್‌ಆರ್‌ಸಿಯಲ್ಲಿ 'ಸೆಟ್ ಅಂಡೂಫೈಲ್' ಅಂತ ಒಂದು ಸಾಲು. ನಿನ್ನೆ ಸೇವ್ ಮಾಡಿ ಮುಚ್ಚಿದ ಫೈಲಿನಲ್ಲೂ ಇವತ್ತು ಯು ಒತ್ತಿ ಬದಲಾವಣೆ ರದ್ದು ಮಾಡುತ್ತ ಹಿಂದೆ ಹೋಗಬಹುದು. 2010ರ 7.3 ಆವೃತ್ತಿಯಿಂದಲೇ ಇದೆ, ನನಗೆ ಗೊತ್ತಾದದ್ದು ಹೋದ ಮಳೆಗಾಲದಲ್ಲಿ!

ಕ್ಯಾಪ್ಸ್ ಲಾಕ್ ಕೀಯನ್ನೇ ಎಸ್ಕೇಪ್ (ವಿಮ್‌ನಲ್ಲಿ ಟೈಪಿಂಗ್ ಬಿಟ್ಟು ಕಮಾಂಡಿಗೆ ಮರಳುವ ಕೀ) ಮಾಡಿಕೊಳ್ಳಿ ಅಂದದ್ದು ಮಾತ್ರ ಒಪ್ಪಿದೆ. ತೊಂದರೆ ಏನೆಂದರೆ, ಈಗ ಹಾಗೆ ಬದಲಿಸದ ಅಣ್ಣನ ಲ್ಯಾಪ್‌ಟಾಪಿನಲ್ಲೂ, ಕಮಾಂಡ್ ಕೊಡುವ ಸ್ಥಿತಿಯಲ್ಲಿದ್ದಾಗಲೂ, ಅಭ್ಯಾಸಬಲದಿಂದ ಅದನ್ನೇ ಒತ್ತುತ್ತೇನೆ. ಆಮೇಲೆ ಕೆಳಗಿಳಿಯಲು ಜೆ ಒತ್ತಿದರೆ ಅದು ಸಾಲು ಜೋಡಿಸುವ ದೊಡ್ಡಕ್ಷರದ ಜೆ ಆಗಿ ಸಾಲುಗಳೆಲ್ಲ ಒಂದಕ್ಕೊಂದು ಅಂಟಿಕೊಳ್ಳುತ್ತವೆ.