ಒಬ್ರ ಬಂದೀರೇನ್ರಿ?

ಲಾಡ್ಜ್ ರಿಜಿಸ್ಟರಲ್ಲಿ "ಬಂದ ಉದ್ದೇಶ" ಅಂತ ಒಂದು ಕಾಲಂ ಇರುತ್ತಲ್ಲ, ನಮ್ಮ ಪ್ರವಾಸೋದ್ಯಮದ ಅಸಲಿ ನೀತಿ ಗೊತ್ತಾಗ್ಬೇಕು ಅಂದ್ರೆ ಸರ್ಕಾರದ ದಪ್ಪ ದಪ್ಪ ಪಾಲಿಸಿ ಓದೋದೇನೂ ಬೇಡ, ಆ ಕಾಲಂ ಮೇಲಿಂದ ಕೆಳಗೆ ಒಂದ್ಸಲ ಕಣ್ಣಾಡಿಸಿದ್ರೆ ಸಾಕು. ವಿಜಯಪುರದ ಒಂದು ಲಾಡ್ಜಲ್ಲಿ ನನಗೆ ಆ ಭಾಗ್ಯ ಸಿಕ್ತು. ಮದ್ವೆ, ಮದ್ವೆ, ಕೋರ್ಟು, ಎಕ್ಸಾಮು, ದವಾಖಾನೆ, ದ್ರಾಕ್ಷಿ ವ್ಯಾಪಾರ, ಮತ್ತೆ ಮದ್ವೆ. ನಾನು "ಊರು ನೋಡೋಕೆ" ಅಂತ ಬರೆದೆ. ಕೌಂಟರಲ್ಲಿದ್ದೋರು ಅದನ್ನ ಓದಿದ್ರು, ನನ್ನ ನೋಡಿದ್ರು, ನನ್ನ ಹಿಂದೆ ಬಾಗಿಲ ಕಡೆ ನೋಡಿದ್ರು, ಯಾರೂ ಬರ್ಲಿಲ್ಲ.

"ಒಬ್ರ ಬಂದೀರೇನ್ರಿ?"

ಹೌದು ಅಂದೆ.

"ಮನ್ಯಾಗ ಗೊತ್ತೈತಿಲ್ರಿ?"

ನಲವತ್ತು ದಾಟಿದ ಹೆಂಗಸು, ಕೈಲಿ ಆಧಾರ್ ಇದೆ, ಪ್ಯಾನ್ ಇದೆ, ವೋಟರ್ ಐಡಿ ಇದೆ, ಮುಂಗಡ ಕೊಡೋಕೆ ದುಡ್ಡೂ ಇದೆ, ಆದ್ರೆ ಜೊತೆಗೊಬ್ಬ ಚಿಕ್ಕಪ್ಪ ಇಲ್ಲ, ಅದೊಂದೇ ಡಾಕ್ಯುಮೆಂಟ್ ಶಾರ್ಟೇಜು. "ಸಿಂಗಲ್ ಲೇಡೀಸ್‌ಗೆ ಕೊಡಂಗಿಲ್ರಿ, ಓನರ್ ಬೈತಾರ" ಅಂತ ತುಂಬಾ ಮರ್ಯಾದೆಯಿಂದಾನೇ ಹೇಳಿ ಕಳಿಸಿದ್ರು, ಕುಡಿಯೋಕೆ ನೀರು ಬೇರೆ ಕೊಟ್ರು ಪಾಪ. ಗಂಡಸರಿಗೆ ಸಿಗುತ್ತೆ ಅನ್ಕೋಬೇಡಿ. ಒಂಟಿ ಗಂಡಸು ಬಂದ್ರೆ ಏನಾದ್ರೂ ಮಾಡ್ಕೊಂಡುಬಿಟ್ರೆ ಗತಿಯೇನು ಅಂತ ಭಯ, ಒಂಟಿ ಹೆಂಗಸು ಬಂದ್ರೆ ಯಾರಾದ್ರೂ ಏನಾದ್ರೂ ಮಾಡ್ಬಿಟ್ರೆ ಅಂತ ಭಯ, ಗಂಡಸು ಹೆಂಗಸು ಇಬ್ರೂ ಬಂದ್ರೆ ಮದ್ವೆ ಆಗಿದ್ಯಾ ಅಂತ ಭಯ, ಒಟ್ಟಿನಲ್ಲಿ ಇಡೀ ಲಾಡ್ಜ್ ಉದ್ಯಮ ಗಿರಾಕಿ ಬಂದುಬಿಡ್ತಾನಲ್ಲಪ್ಪಾ ಅನ್ನೋ ಭಯದಲ್ಲೇ ನಡೀತಿದೆ. ಒಬ್ಬರೇ ಬಂದೋರಿಗೆ ರೂಂ ಕೊಡಬಾರ್ದು ಅಂತ ಯಾವ ಕಾನೂನೂ ಹೇಳಲ್ಲ, ಆದ್ರೆ ಓನರ್ ಬೈತಾರಲ್ಲ, ಅದು ಸಂವಿಧಾನಕ್ಕಿಂತ ಮೇಲೆ. ಇದು ವಿಜಯಪುರದೊಂದೇ ಕತೆ ಅಲ್ಲ, ಬೆಂಗಳೂರಲ್ಲೂ ಇದೇ, ಅಲ್ಲಿ ಇಂಗ್ಲಿಷಲ್ಲಿ ಹೇಳ್ತಾರೆ ಅಷ್ಟೇ.

ಈಗ ಗಮ್ಮತ್ತು ನೋಡಿ. ಯಾವ ಊರಲ್ಲಿ ಒಬ್ಬ ಮನುಷ್ಯನಿಗೆ ಹತ್ತಡಿ ಹತ್ತಡಿ ರೂಂ ಸಿಗಲ್ವೋ ಅದೇ ಊರಲ್ಲಿ ಮಹಮ್ಮದ್ ಆದಿಲ್ ಶಾ ಅನ್ನೋ ಒಬ್ಬ ಸುಲ್ತಾನ ತಾನು ಮಲಗೋಕೆ ಅಂತ ಹೆಚ್ಚುಕಮ್ಮಿ 18,000 ಚದರಡಿ ಹಾಲ್ ಕಟ್ಟಿಸ್ಕೊಂಡ, ನಡುವೆ ಒಂದು ಕಂಬ ಇಲ್ಲ, ಮೇಲೆ 44 ಮೀಟರ್ ಅಗಲದ ಗುಮ್ಮಟ, ಅದೇ ಗೋಲ್ ಗುಂಬಜ್. 1656ರಲ್ಲಿ ಚೆಕ್-ಇನ್ ಆದೋನು ಇವತ್ತಿಗೂ ಚೆಕ್-ಔಟ್ ಆಗಿಲ್ಲ. ಅವನಿಗೆ ಹೆಂಗೆ ಕೊಟ್ರು ಅಂತ ಹೊಟ್ಟೆ ಉರ್ಕೊಂಡು ಒಳಗೆ ಹೋಗಿ ಬೋರ್ಡ್ ಓದಿದ್ರೆ ಉತ್ತರ ಅಲ್ಲೇ ಇತ್ತು. ಇಬ್ಬರು ಹೆಂಡ್ತೀರು, ರಂಭಾ ಅನ್ನೋ ನರ್ತಕಿ, ಒಬ್ಬ ಮಗಳು, ಒಬ್ಬ ಮೊಮ್ಮಗ, ಎಲ್ಲರ ಗೋರಿನೂ ಪಕ್ಕಪಕ್ಕದಲ್ಲೇ. ಅಂದ್ರೆ ಫ್ಯಾಮಿಲಿ ರೂಮು! ರಂಭಾ ವಿಷಯದಲ್ಲಿ ಮ್ಯಾರೇಜ್ ಸರ್ಟಿಫಿಕೇಟ್ ಯಾರೂ ಕೇಳಿಲ್ಲ ಅನ್ನೋದನ್ನ ಆಮೇಲೆ ನೋಡೋಣ.

ಇನ್ನೊಂದು ಸುದ್ದಿ ಹೇಳ್ತೀನಿ ಕೇಳಿ, ಗುಮ್ಮಟದ ಮೇಲಿರೋ ಪಿಸುಮಾತಿನ ಗ್ಯಾಲರಿ ಕೂಡಾ ಒಂಟಿ ಗಿರಾಕಿಗೆ ಅಲ್ಲ. ಮೂಲೆ ಗೋಪುರದ ಇಕ್ಕಟ್ಟು ಮೆಟ್ಟಿಲಲ್ಲಿ ಏಳು ಅಂತಸ್ತು ಏದುಸಿರು ಬಿಟ್ಕೊಂಡು ಹತ್ತಿ ಮೇಲೆ ಹೋದ್ಮೇಲೆ ಗೊತ್ತಾಗುತ್ತೆ, ಈ ಕಡೆ ಗೋಡೆಗೆ ಬಾಯಿಟ್ಟು ಪಿಸುಗುಟ್ಟಿದ್ರೆ ಆ ಕಡೆ ಗೋಡೆ ಹತ್ರ ಕಿವಿ ಇಟ್ಟೋರಿಗೆ ಕೇಳುತ್ತೆ, ಸರಿ, ಆದ್ರೆ ಆ ಕಡೆ ಯಾರಾದ್ರೂ ಇರ್ಬೇಕಲ್ಲಪ್ಪಾ. ಆದಿಲ್ ಶಾಹಿ ಇಂಜಿನಿಯರುಗಳಿಗೂ ಮಿನಿಮಮ್ ಇಬ್ಬರು. ನಾನು ಗೋಡೆ ಹತ್ರ ಹೋಗಿ "ನಮಸ್ಕಾರ" ಅಂದೆ, ಆ ಕಡೆಯಿಂದ "ಐ ಲವ್ ಯೂ ರೂಪಾ" ಅಂತ ಬಂತು, ರೂಪಾ ಯಾರೋ ಗೊತ್ತಿಲ್ಲ, ಅವಳಿಗೆ ಬರ್ಬೇಕಾದ್ದು ನನಗೆ ಬಂತು, ಅದೂ ಒಂದ್ಸಲ ಅಲ್ಲ, ಏಳು ಸಲ ಪ್ರತಿಧ್ವನಿಸುತ್ತೆ ಅಂತ ಗೈಡ್‌ಗಳು ಹೇಳ್ತಾರಲ್ಲ, ಅಷ್ಟೂ ಕಂತುಗಳಲ್ಲಿ.

ಪಿಸುಮಾತು ಅಂದೆ ನೋಡಿ, ಅದೇನು ಪಿಸುಮಾತಲ್ಲ. ಡಿಸೆಂಬರಲ್ಲಿ ಹೋಗಿ ಒಂದ್ಸಲ. ಶಾಲಾ ಪ್ರವಾಸದ ಬಸ್ಸುಗಳು ರಾತ್ರಿಯೆಲ್ಲಾ ಓಡಿ ಬೆಳಗ್ಗೆ ಬಾಗಿಲು ತೆಗ್ಯೋ ಹೊತ್ತಿಗೇ ಬಂದು ನಿಂತಿರ್ತವೆ, ಹಲ್ಲುಜ್ಜದ ಮಕ್ಕಳೆಲ್ಲಾ ಮೇಲೆ ಹತ್ತಿ ಹೋಓಓ ಅಂತ ಕಿರಿಚ್ತಾವೆ, ಅವರನ್ನ ಸುಮ್ಮನಿರಿಸೋಕೆ ಮೇಷ್ಟ್ರು ಅವರಿಗಿಂತ ಜೋರಾಗಿ ಕಿರಿಚ್ತಾರೆ, ಮೇಷ್ಟ್ರನ್ನ ಸುಮ್ಮನಿರಿಸೋಕೆ ಗಾರ್ಡು ಸೀಟಿ ಊದ್ತಾನೆ, ಸೀಟಿನೂ ರೌಂಡ್ ಹೊಡ್ಕೊಂಡು ವಾಪಸ್ ಬರುತ್ತೆ. ಜಗತ್ತಿನ ಅದ್ಭುತ ಶಬ್ದವಿನ್ಯಾಸಗಳಲ್ಲಿ ಒಂದನ್ನ ನಾವು ಗಂಟಲು ಟೆಸ್ಟ್ ಮಾಡೋ ಲ್ಯಾಬ್ ಮಾಡ್ಕೊಂಡಿದೀವಿ. ನೂರೈವತ್ತು ಜನ ಸೇರಿ ಒಂದು ಸಮಾಧಿ ಮೇಲೆ ನಿಂತು ಬೊಬ್ಬೆ ಹೊಡೆದ್ರೆ ಅದು ಶೈಕ್ಷಣಿಕ ಪ್ರವಾಸ, ಒಬ್ಬಳು ಬಂದು ಸುಮ್ಮನೆ ಒಂದು ಗಂಟೆ ಕೂತ್ರೆ "ಮೇಡಂ, ಏನರ ತ್ರಾಸ ಐತೇನ್ರಿ?" ಅಂತ ಗಾರ್ಡ್ ಬರ್ತಾನೆ.

ಹೊರಗಡೆ ಟಾಂಗಾದೋರಿಗೂ ಇದೇ ಚಿಂತೆ. ಒಬ್ಬರಿಗೆ ಎಷ್ಟು ಅಂದ್ರೆ ನಾಲ್ಕು ಜನದ್ದು ಹೇಳಿದ, ನಾಲ್ಕು ಜನ ಇಲ್ವಲ್ಲ ಅಂದ್ರೆ "ಕುದುರಿಗೇನ್ ಗೊತ್ತಾಕ್ಕೈತ್ರಿ" ಅಂದ. ಒಪ್ಕೊಂಡೆ. ಇಡೀ ಊರಲ್ಲಿ ಲಾಜಿಕ್ ಇದ್ದ ಮಾತು ಅದೊಂದೇ.

ಅಲ್ಲಿಂದ ಮಲಿಕ್-ಎ-ಮೈದಾನ್ ತೋಪು. 1549ರಲ್ಲಿ ಅಹಮದ್‌ನಗರದಲ್ಲಿ ಎರಕ ಹೊಯ್ದಿದ್ದು, 55 ಟನ್, ಆನೆಯನ್ನ ಜಗೀತಿರೋ ಸಿಂಹದ ಬಾಯಿ ಅದರ ಮೂತಿ. ಅದನ್ನ ಇಲ್ಲಿಗೆ ತರೋಕೆ ಹತ್ತು ಆನೆ, ನಾನೂರು ಎತ್ತು, ನೂರಾರು ಜನ ಬೇಕಾಯ್ತು ಅಂತ ಹೇಳ್ತಾರೆ. ನೋಡಿದ್ರಾ, ತೋಪು ಕೂಡಾ ಒಂಟಿಯಾಗಿ ಬಂದಿಲ್ಲ, ದಿಬ್ಬಣ ಕಟ್ಕೊಂಡೇ ಬಂದಿದೆ, ಅದಕ್ಕೇ ಕೋಟೆ ಬುರುಜಿನ ಮೇಲೆ ಸೀ-ವ್ಯೂ ಲೆವೆಲ್ಲಿನ ಜಾಗ ಸಿಕ್ಕಿದೆ. ಆಮೇಲೆ ಬ್ರಿಟಿಷರ ಕಾಲ ಬಂತು, ಕೇಳೋರಿಲ್ದೆ ಒಂಟಿಯಾಯ್ತು, 1854ರಲ್ಲಿ ಹರಾಜಿಗಿಟ್ರು, 150 ರೂಪಾಯಿಗೆ ಹೋಯ್ತು. ನೂರೈವತ್ತು! ಪುಣ್ಯಕ್ಕೆ ಆ ಹರಾಜು ರದ್ದಾಯ್ತು ಅನ್ನಿ, ಇಲ್ಲದಿದ್ರೆ ಇವತ್ತು ಎಷ್ಟು ಮನೆ ತಪ್ಪಲೆ ಚರಿಗೆ ಆಗಿರ್ತಿತ್ತೋ.

ಬಾರಾಕಮಾನ್ ಬಗ್ಗೆ ಜಾಸ್ತಿ ಹೇಳಲ್ಲ. ಎರಡನೇ ಅಲಿ ಆದಿಲ್ ಶಾ ಅಪ್ಪನ ಗುಮ್ಮಟ ಮೀರಿಸ್ತೀನಿ ಅಂತ ಶುರು ಮಾಡಿದ, 1672ರಲ್ಲಿ ತೀರ್ಕೊಂಡ, ಕಮಾನುಗಳು ಹಂಗೇ ನಿಂತ್ವು, ಮೇಲೆ ಛಾವಣಿ ಬರ್ಲೇ ಇಲ್ಲ. ಬೆಂಗಳೂರು ಫ್ಲೈಓವರುಗಳ ಮೂಲಪುರುಷ.

ನಿಜವಾಗ್ಲೂ ಬೇಜಾರಾಗೋದು ಇಬ್ರಾಹಿಂ ರೋಜಾದಲ್ಲಿ. ಒಂದೇ ಜಗಲಿ ಮೇಲೆ ಎದುರುಬದುರು ಸಮಾಧಿ ಮತ್ತೆ ಮಸೀದಿ, ಕಲ್ಲಲ್ಲೇ ಅಕ್ಷರ ಕೊರೆದು ಮಾಡಿದ ಕಿಟಕಿ ಜಾಲರಿಗಳು, ಬೆಳಕು ಒಳಗೆ ಬರೋದೇ ಅಕ್ಷರದ ಸಂದಿಯಿಂದ. ಅದನ್ನ ನೋಡೋಕೆ ಅರ್ಧ ದಿನ ಬೇಕು. ಟೂರ್ ಪ್ಯಾಕೇಜ್‌ನೋರು ಕೊಡೋದು ಇಪ್ಪತ್ತು ನಿಮಿಷ, ಅದರಲ್ಲಿ ಹತ್ತು ನಿಮಿಷ ಗ್ರೂಪ್ ಫೋಟೋ, ಉಳಿದ ಹತ್ತು ನಿಮಿಷ ಗ್ರೂಪ್ ಫೋಟೋದಲ್ಲಿ ಕಣ್ಣು ಮುಚ್ಚಿದೋರಿಗೋಸ್ಕರ ಇನ್ನೊಂದು ಗ್ರೂಪ್ ಫೋಟೋ. ಆಮೇಲೆ ಬಸ್ ಹತ್ತಿ ಆಲಮಟ್ಟಿ ಗಾರ್ಡನ್ನು. ಹಂಪಿಗೆ ಮೂರು ದಿನ ಕೊಡೋ ಜನ, ಗೋಕರ್ಣದಲ್ಲಿ ವಾರಗಟ್ಟಲೆ ಸುಮ್ಮನೆ ಬಿದ್ಕೊಳೋ ಜನ, ಎರಡು ಶತಮಾನ ಒಂದು ರಾಜ್ಯದ ರಾಜಧಾನಿಯಾಗಿದ್ದ ಊರಿಗೆ ಕೊಡೋದು ನಾಷ್ಟಾದಿಂದ ಊಟದ ನಡುವಿನ ಗ್ಯಾಪು. "ಗೋಲ್ ಗುಂಬಜ್ ಬಿಟ್ರೆ ಏನಿದೆ ಅಲ್ಲಿ?" ಅಂತ ಕೇಳೋರೆಲ್ಲಾ ಏಳನೇ ಕ್ಲಾಸಲ್ಲಿ ಹಲ್ಲುಜ್ಜದೆ ನೋಡಿರೋರೇ.

ಆ ರೋಜಾದಲ್ಲಿ ಮಲಗಿರೋ ಎರಡನೇ ಇಬ್ರಾಹಿಂ ಸಂಗೀತದ ಹುಚ್ಚ, ಜಗದ್ಗುರು ಬಾದಶಹ ಅಂತ ಕರೀತಿದ್ರು, ತನ್ನ ತಂಬೂರಿಗೆ ಮೋತಿ ಖಾನ್ ಅಂತ ಹೆಸರಿಟ್ಟಿದ್ದ. ಬುದ್ಧಿವಂತ. ರಿಜಿಸ್ಟರಲ್ಲಿ ಇಬ್ರಾಹಿಂ ಪ್ಲಸ್ ಮೋತಿ ಖಾನ್, ಇಬ್ಬರು, ಮುಗೀತು. ಅವನ ಕಾಲದಲ್ಲಿ ಅಕ್ಬರನ ಕಡೆಯಿಂದ ಅಸದ್ ಬೇಗ್ ಅನ್ನೋ ರಾಯಭಾರಿ ಬಂದಿದ್ದ, ಇಲ್ಲಿ ಹೊಗೆಸೊಪ್ಪು ಕಂಡು ಬೆರಗಾಗಿ ಹುಕ್ಕಾ ಸಮೇತ ಅಕ್ಬರನ ಆಸ್ಥಾನಕ್ಕೆ ತಗೊಂಡೋದ. ಇವತ್ತು ಬಂದಿದ್ರೆ "ಬಂದ ಉದ್ದೇಶ: ತಂಬಾಕು" ಅಂತ ಬರೆದು ತಕ್ಷಣ ರೂಂ ಪಡ್ಕೊಂಡಿರ್ತಿದ್ದ, ವ್ಯಾಪಾರ ನೋಡಿ, ಕೊಡ್ತಾರೆ.

ಯುನೆಸ್ಕೋ ವಿಷಯ ಇನ್ನೂ ಚೆನ್ನಾಗಿದೆ. 2014ರಿಂದ ಈ ಸ್ಮಾರಕಗಳು ವಿಶ್ವ ಪರಂಪರೆಯ ತಾತ್ಕಾಲಿಕ ಪಟ್ಟಿಯಲ್ಲಿವೆ, ಅಂದ್ರೆ ರಿಸೆಪ್ಶನ್ ಸೋಫಾದಲ್ಲಿ ಬ್ಯಾಗ್ ತೊಡೆ ಮೇಲಿಟ್ಕೊಂಡು ಕೂತಿವೆ. ಅದೂ ಒಂಟಿಯಾಗಿ ಅಲ್ಲ, ಕಲಬುರಗಿ, ಬೀದರ್, ಹೈದರಾಬಾದ್ ಎಲ್ಲಾ ಸೇರಿಸಿ ಒಂದೇ ಅರ್ಜಿ. ಬಿಜಾಪುರ ಒಂದೇ ಹೋದ್ರೆ ಯುನೆಸ್ಕೋ ಆಫೀಸಿರೋ ಪ್ಯಾರಿಸ್ಸಲ್ಲೂ "ಒಬ್ರ ಬಂದೀರೇನ್ರಿ" ಅಂತಾರೆ ಅಂತ ನಮ್ಮೋರಿಗೆ ಅನುಭವದಿಂದ ಗೊತ್ತಿರಬೇಕು.

ಒಂದು ಜಾಗ ಮಾತ್ರ ಈ ಪ್ರಶ್ನೆ ಕೇಳ್ಲಿಲ್ಲ, ಖಾನಾವಳಿ. ಒಳಗೆ ಹೋದೆ, ಖಾಲಿ ಇದ್ದ ಕುರ್ಚಿ ತೋರಿಸಿದ್ರು, ಎದುರಿಗೆ ಯಾರೋ ಅಪರಿಚಿತ ಕಾಕಾ ಊಟ ಮಾಡ್ತಿದ್ರು, ಜೋಳದ ರೊಟ್ಟಿ, ಎಣ್ಣೆಗಾಯಿ, ಶೇಂಗಾ ಹಿಂಡಿ, ಗಟ್ಟಿ ಮೊಸರು ಬಂತು, ಕಾಕಾ ತಮ್ಮ ಮುಂದಿದ್ದ ಉಳ್ಳಾಗಡ್ಡಿ ತಟ್ಟೆನ ನನ್ನ ಕಡೆ ತಳ್ಳಿದ್ರು, ಯಾವೂರು ಅಂತಾನೂ ಕೇಳ್ಲಿಲ್ಲ. ಖಾನಾವಳಿ ಹುಟ್ಟಿದ್ದೇ ಒಂಟಿ ಹೊಟ್ಟೆಗಳಿಗೆ, ಮನೆ ಬಿಟ್ಟು ಬಂದ ಗುಮಾಸ್ತರಿಗೆ, ಮೇಷ್ಟ್ರಿಗೆ, ಕಾಲೇಜು ಹುಡುಗರಿಗೆ. ಇಷ್ಟು ಸರಳ ವಿಷಯನ ಪ್ರವಾಸೋದ್ಯಮ ಕಲೀಲಿಲ್ವಲ್ಲ ಅಂತ ಯೋಚಿಸ್ತಾ ನಾಲ್ಕನೇ ರೊಟ್ಟಿಗೆ ಕೈ ಹಾಕಿದೆ.

ಅದಕ್ಕೇ ಸರ್ಕಾರಕ್ಕೆ ನನ್ನದೊಂದು ಪ್ರಸ್ತಾವನೆ. ಹೋಂಸ್ಟೇ, ರೋಪ್‌ವೇ, ಲೇಸರ್ ಶೋ ಎಲ್ಲಾ ಆಮೇಲೆ ಮಾಡಿ, ಮೊದಲು "ಬಾಡಿಗೆ ಬಂಧು" ಯೋಜನೆ ತನ್ನಿ. ರೈಲ್ವೆ ಸ್ಟೇಷನ್ ಎದುರೇ ಒಂದು ಕೌಂಟರ್. ಚಿಕ್ಕಪ್ಪ ಗಂಟೆಗಿಷ್ಟು, ಸೋದರತ್ತೆ ಅರ್ಧ ದಿನಕ್ಕಿಷ್ಟು, ಅಜ್ಜಿ ಇದ್ರೆ ಲಾಡ್ಜಲ್ಲಿ ಗ್ರೌಂಡ್ ಫ್ಲೋರ್ ಗ್ಯಾರಂಟಿ ಆದ್ದರಿಂದ ರೇಟ್ ಸ್ವಲ್ಪ ಜಾಸ್ತಿ. ಬಂಧು ಜೊತೆಗೆ ಬಂದು ರಿಜಿಸ್ಟರಲ್ಲಿ ಸೈನ್ ಹಾಕ್ಬೇಕು, "ನಮ್ಮ ಹುಡುಗೀನೇ ರೀ" ಅಂತ ಒಂದು ಮಾತು ಹೇಳ್ಬೇಕು, ಆಮೇಲೆ ಗುಮ್ಮಟ ಹತ್ತಿ ಆ ಕಡೆ ಗೋಡೆ ಹತ್ರ ನಿಂತು ನಾನು ಹೇಳಿದ್ದಕ್ಕೆ "ಕೇಳ್ತು, ಕೇಳ್ತು" ಅನ್ಬೇಕು, ಟಾಂಗಾದಲ್ಲಿ ಒಂದು ಸೀಟು ತುಂಬಬೇಕು. ನಿರುದ್ಯೋಗಕ್ಕೂ ಪರಿಹಾರ, ಹಿರಿಯ ನಾಗರಿಕರಿಗೂ ಹೊತ್ತು ಹೋಗುತ್ತೆ.

ಯೋಜನೆ ಜಾರಿಯಾದ್ರೆ ಹೆಂಗಿರುತ್ತೆ ಅನ್ನೋದೂ ನನಗೆ ಗೊತ್ತು. ಅರ್ಜಿ ನಮೂನೆ ಕೌಂಟರಲ್ಲೇ ಸಿಗುತ್ತೆ, ಎರಡು ಪ್ರತಿ, ಫೋಟೋ ಅಂಟಿಸಿ, ಆಧಾರ್ ಜೆರಾಕ್ಸ್ ಲಗತ್ತಿಸಿ, ಕೊನೇಲಿ ಜೊತೆಗೆ ಬಂದ ಕುಟುಂಬದ ಸದಸ್ಯರ ಸಹಿ ಕಡ್ಡಾಯ.