ರಾಜೀವನ ಹೊಲದಲ್ಲಿ ದುಡಿದವರು

ಭಾನುವಾರ ಟಿವಿಯಲ್ಲಿ ಮತ್ತೆ ‘ಬಂಗಾರದ ಮನುಷ್ಯ’ ಬಂತು. ಅವ್ವ ಅವರೆಕಾಯಿ ಮೊರ ಎತ್ಕೊಂಡು ಬಂದು ಮುಂದೆ ಕೂತಳು. ಎಷ್ಟನೇ ಸಲ ಅಂತ ಕೇಳಬೇಡಿ.

‘ಆಗದು ಎಂದು ಕೈಲಾಗದು ಎಂದು’ ಹಾಡು ಶುರುವಾಯ್ತು. ಬರಡು ನೆಲ, ಬಂಡೆ, ರಾಜೀವನ ಪಾತ್ರದ ರಾಜಣ್ಣನ ಜೊತೆ ಬೆವರು ಸುರಿಸುವ ಜನ. ಅವ್ವನ ಕೈ ನಿಂತಿತು. “ಆ ಜನಕ್ಕೆ ಅವತ್ತು ಎಷ್ಟು ಕೂಲಿ ಕೊಟ್ರೋ ಏನೋ” ಅಂದಳು. ಕಥೆಯೊಳಗಿನ ಕೂಲಿಯೋ, ಶೂಟಿಂಗಿನ ಕೂಲಿಯೋ ನಾನು ಕೇಳಲಿಲ್ಲ. ಮದುವೆಯಾಗಿ ಬಂದಾಗಿನಿಂದ ಬೇರೆಯವರ ಗದ್ದೆಯಲ್ಲಿ ನಾಟಿ ಹಾಕಿದ ಹೆಂಗಸು ಅವಳು. ಅವಳ ಕಣ್ಣು ಅಲ್ಲಿಗೇ ಹೋಗುತ್ತೆ.

ಆಮೇಲೆ ನನಗೂ ಬೇರೇನೂ ಕಾಣಲಿಲ್ಲ. ಬಾಲಕೃಷ್ಣ ಮಾಡಿದ ರಾಚೂಟಪ್ಪನನ್ನು ನೋಡಿ. ಹೆಸರಲ್ಲೇ ಒಂದು ಸೀಮೆ, ಒಂದು ಮನೆತನ ಇದೆ. ಆ ಹಾಡಿನಲ್ಲಿ ಮೈಮುರಿದು ದುಡಿಯುವವರಲ್ಲಿ ಒಬ್ಬರ ಹೆಸರೂ ನನಗೆ ಸಿಗಲಿಲ್ಲ. ಹಾಡಿನಲ್ಲಿ ಕನ್ನಂಬಾಡಿ ಬರುತ್ತೆ, ವಿಶ್ವೇಶ್ವರಯ್ಯನವರು ಬರ್ತಾರೆ. ಕನ್ನಂಬಾಡಿಗೆ ಕಲ್ಲು ಹೊತ್ತ ಸಾವಿರಾರು ಜನ ಅಲ್ಲೂ ಬರಲ್ಲ.

ಸಿನಿಮಾನ ಬೈಯೋಕೆ ಇದನ್ನು ಬರೀತಿಲ್ಲ, ಮಾರಾಯ್ರೆ. ಸಿದ್ದಲಿಂಗಯ್ಯನವರ ಈ ಚಿತ್ರ ನನಗೆ ಪ್ರಾಣ. 1972ರಲ್ಲಿ ಬಂದು ಬೆಂಗಳೂರಿನ ಸ್ಟೇಟ್ಸ್ ಥಿಯೇಟರಿನಲ್ಲಿ ಎರಡು ವರ್ಷ ಓಡಿದ್ದು ಸುಮ್ನೆ ಅಲ್ಲ. ಇದನ್ನು ನೋಡಿ ಓದಿದ ಹುಡುಗರು ಪೇಟೆ ಬಿಟ್ಟು ಬೇಸಾಯಕ್ಕೆ ಇಳಿದರು ಅಂತ ಇವತ್ತಿಗೂ ಹೇಳ್ತಾರೆ. ಇಳಿದಿರಬಹುದು. ಆದರೆ ವಾಪಸ್ ಹೋಗೋಕೆ ಊರಲ್ಲಿ ಜಮೀನು ಇರಬೇಕಲ್ವಾ? ನಮ್ಮ ತಾತನೂ ಟೆಂಟಿನಲ್ಲಿ ಈ ಸಿನಿಮಾ ನೋಡಿ, ಶಿಳ್ಳೆ ಹೊಡೆದು, ಬೆಳಿಗ್ಗೆ ಎದ್ದು ಗೌಡರ ಹೊಲಕ್ಕೇ ಹೋದ.

1974ರಲ್ಲಿ ದೇವರಾಜ ಅರಸರ ಸರ್ಕಾರ ‘ಉಳುವವನೇ ಹೊಲದೊಡೆಯ’ ಅಂತ ಭೂಸುಧಾರಣೆ ಜಾರಿಗೆ ತಂತು. ಗೇಣಿ ಮಾಡುತ್ತಿದ್ದವರಿಗೆ ಭೂಮಿ ಸಿಕ್ಕಿತು, ದೊಡ್ಡ ಕೆಲಸವೇ ಅದು. ಆದರೆ ತಾತನಿಗೆ ಗೇಣಿಯೂ ಇರಲಿಲ್ಲ, ಬರೀ ಕೂಲಿ. ಅರ್ಜಿ ಹಾಕೋಕೆ ಅವನ ಹತ್ರ ಏನಿತ್ತು?

1975ರಲ್ಲಿ ‘ಚೋಮನ ದುಡಿ’ ಬಂತು. ಶಿವರಾಮ ಕಾರಂತರ ಕಾದಂಬರಿ, ಬಿ.ವಿ. ಕಾರಂತರ ನಿರ್ದೇಶನ. ಅದನ್ನು ಕಲಾತ್ಮಕ ಚಿತ್ರ ಅಂತ ಬೇರೆ ಕಪಾಟಿನಲ್ಲಿ ಇಡ್ತೀವಿ. ಯಾಕೆ? ಅಪ್ಪ, ಮಕ್ಕಳು, ಸಾಲ, ಹಸಿವು. ಅದಕ್ಕಿಂತ ಸಂಸಾರದ ಕಥೆ ಬೇಕಾ? ರಾಜೀವನಿಗೂ ಚೋಮನಿಗೂ ಇರೋದು ಒಂದೇ ಆಸೆ, ಬೇಸಾಯ ಮಾಡಬೇಕು. ಚೋಮನ ಹತ್ರ ಎತ್ತಿನ ಜೋಡಿಯೂ ಇದೆ. ಉಳೋಕೆ ನೆಲ ಇಲ್ಲ, ಹುಟ್ಟಿದ ಜಾತಿ ಅದನ್ನು ಕೇಳೋಕೂ ಬಿಡಲ್ಲ. ರಾಜೀವ ಬಂಡೆ ಒಡೆದ. ಚೋಮನಿಗೆ ಅಡ್ಡ ಇದ್ದದ್ದು ಬಂಡೆ ಅಲ್ಲ. ವಾಸುದೇವ ರಾವ್ ಆ ಪಾತ್ರಕ್ಕೆ ರಾಷ್ಟ್ರಪ್ರಶಸ್ತಿ ತಗೊಂಡರು. ಭಾನುವಾರ ಮಧ್ಯಾಹ್ನ ಟಿವಿಯಲ್ಲಿ ಮಾತ್ರ ಅದು ನನಗೆ ಒಮ್ಮೆಯೂ ಸಿಕ್ಕಿಲ್ಲ.

‘ಬಂಗಾರದ ಮನುಷ್ಯ’ದ ಹೆಂಗಸರ ಬಗ್ಗೆ ಬರೆದರೆ ಇನ್ನೊಂದು ಪೋಸ್ಟೇ ಆಗುತ್ತೆ. ರಾಜೀವನ ಅಕ್ಕ ವಿಧವೆಯಾಗಿ ಕಣ್ಣೀರು ಹಾಕ್ತಾಳೆ, ಹೆಂಡತಿ ಲಕ್ಷ್ಮಿ ಗೂಳಿ ತಿವಿದು ಸಾಯ್ತಾಳೆ. ಲಕ್ಷ್ಮಿಯಾಗಿ ಭಾರತಿಯವರು ಇದ್ದಷ್ಟು ಹೊತ್ತು ಮನೆಗೆ ಬೆಳಕು ಇತ್ತು, ಅಷ್ಟು ಹೇಳಿ ಬಿಡ್ತೀನಿ.

ಕೊನೆಗೆ ಆ ಊಟದ ಸೀನ್ ಬಂತು. ಅಕ್ಕನ ಮಗನೇ ಚುಚ್ಚಿ ಮಾತಾಡ್ತಾನೆ. ರಾಜೀವ ಎಲ್ಲ ಬಿಟ್ಟು ಎದ್ದು ಹೊರಟೇಬಿಡ್ತಾನೆ. ಅವ್ವ ಪ್ರತಿ ಸಲದ ಹಾಗೆ ಸೆರಗಿನಲ್ಲಿ ಕಣ್ಣೊರೆಸಿಕೊಂಡಳು. ನನ್ನ ಗಂಟಲೂ ಕಟ್ಟಿತ್ತು. ಅಷ್ಟೆಲ್ಲ ತಕರಾರು ಇಟ್ಕೊಂಡೂ ಅಳು ಬರುತ್ತೆ, ಏನು ಮಾಡೋದು.

“ಅವನು ಹೋದ ಮೇಲೆ ಆ ಹೊಲ ಯಾರು ನೋಡ್ಕೊಂಡಿರ್ತಾರವ್ವ?” ಅಂದೆ.

ಮೊರ ಎತ್ಕೊಂಡು ಏಳ್ತಾ ಹೇಳಿದಳು: “ಇನ್ಯಾರು? ಹಾಡಲ್ಲಿ ಇದ್ರಲ್ಲ, ಅವರೇ.”